ಒಂದು ಎಂಎಲ್ ಹಾಲಿನ ಲೆಕ್ಕ

ನಮ್ಮ ಮಗಳು ಹುಟ್ಟಿದ್ದು 29 ವಾರಕ್ಕೆ. ತೂಕ 1,140 ಗ್ರಾಂ. ಈಗ ಆರಾಮಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಏನಾಯಿತೋ ಏನೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಇಂಥದ್ದನ್ನು ಓದುವ ಸಂಕಟ ನನಗೆ ಚೆನ್ನಾಗಿ ಗೊತ್ತು. ಆಗ ರಾತ್ರಿ ಹೊತ್ತು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನಾನೂ ಫೋನಿನಲ್ಲಿ ಹುಡುಕಿ ಹುಡುಕಿ ಓದುತ್ತಿದ್ದೆ. ಸಿಕ್ಕಿದ್ದೆಲ್ಲ ಒಂದೋ ಡಾಕ್ಟರುಗಳಿಗೆ ಮಾತ್ರ ಅರ್ಥವಾಗುವ ಭಾಷೆ, ಇಲ್ಲಾ ಬರೀ ಪವಾಡದ ಕಥೆ. ಎನ್‌ಐಸಿಯು (ಆಗತಾನೇ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ) ಒಳಗೆ ದಿನಾ ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅನ್ನುವುದು ಎರಡರಲ್ಲೂ ಇರಲಿಲ್ಲ. ನಾನು ಡಾಕ್ಟರ್ ಅಲ್ಲ. ಪಕ್ಕದಲ್ಲಿ ನಿಂತು ನೋಡಿದ, ತಲೆ ತಿನ್ನುವಷ್ಟು ಪ್ರಶ್ನೆ ಕೇಳಿದ ಒಬ್ಬ ಅಪ್ಪ, ಅಷ್ಟೇ.

ಪೂರ್ತಿ ಬಸಿರು ಅಂದರೆ 40 ವಾರ. 37 ತುಂಬುವ ಮೊದಲೇ ಹುಟ್ಟಿದರೆ ಅವಧಿಗೆ ಮುಂಚಿನ ಮಗು. 32ರ ಒಳಗಾದರೆ ತುಂಬಾ ಮುಂಚೆ, 28ರ ಒಳಗಾದರೆ ವಿಪರೀತ ಮುಂಚೆ ಅಂತ ಡಾಕ್ಟರುಗಳ ಲೆಕ್ಕ. ನನ್ನ ಹೆಂಡತಿಗೆ ಬಿಪಿ ಏರುತ್ತಾ ಹೋಯಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಪ್ರೀಕ್ಲಾಂಪ್ಸಿಯಾ ಅಂದರು. ನಾವು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಇಷ್ಟು ಚಿಕ್ಕ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ದೊಡ್ಡ ಕಡೆಗೆ ಹೋಗಿಬಿಡಿ, ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ ಅದು ಎಷ್ಟೋ ವಾಸಿ ಅಂತ ಅಲ್ಲಿನ ಡಾಕ್ಟರ್ ಹೇಳಿದರು. ಇವತ್ತಿಗೂ ಆ ಮಾತಿಗೆ ಋಣಿ.

ಹೊಸ ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಹೆಂಡತಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಒಂದು ಕೊಟ್ಟು, 24 ಗಂಟೆ ಬಿಟ್ಟು ಇನ್ನೊಂದು. ಇದು ಅಮ್ಮನಿಗಲ್ಲ, ಒಳಗಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ. ನ್ಯೂಜಿಲೆಂಡಿನಲ್ಲಿ ಲಿಗಿನ್ಸ್ ಅನ್ನುವ ಡಾಕ್ಟರ್ ಕುರಿಗಳ ಮೇಲೆ ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಕೊಟ್ಟ ಮರಿಗಳು ದಿನ ತುಂಬದೆ ಹುಟ್ಟಿದರೂ ಉಸಿರಾಡುವುದನ್ನು ಕಂಡರಂತೆ. ಅವರೂ ಹೋವಿ ಅನ್ನುವವರೂ ಸೇರಿ ಬಸುರಿಯರಿಗೆ ಕೊಟ್ಟು ನೋಡಿ 1972ರಲ್ಲಿ ಬರೆದರು. ಇದರ ಜೊತೆಗೆ ಮೆಗ್ನೀಸಿಯಂ ಡ್ರಿಪ್ ಹಾಕಿದರು. ಅದು ಅಮ್ಮನಿಗೆ ಫಿಟ್ಸ್ ಬರದಂತೆ ತಡೆಯುತ್ತದೆ, ಮಗುವಿನ ಮೆದುಳನ್ನೂ ಕಾಯುತ್ತದೆ. ಎರಡನೇ ಇಂಜೆಕ್ಷನ್ ಆಗುವವರೆಗೆ ಹೇಗಾದರೂ ತಳ್ಳಬೇಕು ಅಂತ ಎಲ್ಲರೂ ಗಡಿಯಾರ ನೋಡುತ್ತಿದ್ದರು. ತಳ್ಳಿದೆವು. ಆಮೇಲೆ ಸಿಸೇರಿಯನ್.

ಹುಟ್ಟಿದ ತಕ್ಷಣ ಒರೆಸಿ ಬಟ್ಟೆ ಸುತ್ತುತ್ತಾರೆ ಅಂದುಕೊಂಡಿದ್ದೆ. ಇಷ್ಟು ಚಿಕ್ಕ ಮಗುವಿಗೆ ಹಾಗೆ ಮಾಡುವುದಿಲ್ಲ. ಒದ್ದೆ ಮೈಯಲ್ಲೇ ಕುತ್ತಿಗೆವರೆಗೆ ಒಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ತಲೆಗೆ ಟೋಪಿ ಹಾಕಿ, ವಾರ್ಮರ್ ಕೆಳಗೆ ಮಲಗಿಸಿದರು. ಚರ್ಮ ತೆಳು, ಅದರಡಿಯಲ್ಲಿ ಕೊಬ್ಬಿಲ್ಲ, ಮೈಯ ತೇವ ಆರುತ್ತಾ ಆರುತ್ತಾ ಶಾಖ ಎಳೆದುಕೊಂಡು ಹೋಗುತ್ತದೆ. ಚೀಲ ಅದನ್ನು ತಡೆಯುತ್ತದೆ. ಮೂಗಿಗೆ ಸಿಪ್ಯಾಪ್ ಹಾಕಿದರು. ಇದು ವೆಂಟಿಲೇಟರ್ ಅಲ್ಲ. ಮಗು ತಾನೇ ಉಸಿರಾಡುತ್ತಿರುತ್ತದೆ, ಈ ಯಂತ್ರ ಸಣ್ಣಗೆ ಒಂದು ಒತ್ತಡ ಇಟ್ಟು, ಉಸಿರು ಬಿಟ್ಟಾಗ ಶ್ವಾಸಕೋಶ ಪೂರ್ತಿ ಮುದುಡಿಕೊಳ್ಳದಂತೆ ನೋಡಿಕೊಳ್ಳುತ್ತದೆ. ನಮ್ಮದು ಬಬಲ್ ಸಿಪ್ಯಾಪ್. ಉಸಿರಿನ ಪೈಪಿನ ಇನ್ನೊಂದು ತುದಿಯನ್ನು ನೀರಿನ ಬಾಟಲಿಯೊಳಗೆ ಐದು ಸೆಂಟಿಮೀಟರ್ ಮುಳುಗಿಸಿಟ್ಟಿದ್ದರು. ಒತ್ತಡ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಆ ಐದು ಸೆಂಟಿಮೀಟರ್ ನೀರೇ. ಗುಳುಗುಳು ಸದ್ದು ಬರುತ್ತಿದ್ದರೆ ಎಲ್ಲಾ ಸರಿ ಅಂತ.

ಆದರೂ ಕೆಲವೇ ಗಂಟೆಗಳಲ್ಲಿ ಎದೆ ಒಳಕ್ಕೆ ಎಳೆದುಕೊಳ್ಳತೊಡಗಿತು. ಸರ್ಫ್ಯಾಕ್ಟೆಂಟ್ ಕೊಡಬೇಕು ಅಂದರು. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಂಡರೆ ಬಿಡಿಸುವುದಕ್ಕೆ ಎಷ್ಟು ಕಷ್ಟ ಅಲ್ವಾ, ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿಚೀಲಗಳ ಕಥೆಯೂ ಅದೇ. ಹಾಗೆ ಅಂಟದಂತೆ ತಡೆಯುವ ಒಂದು ಪದಾರ್ಥ ಎಲ್ಲರ ಶ್ವಾಸಕೋಶದಲ್ಲೂ ಇದೆ, ಬೇಗ ಹುಟ್ಟಿದ ಮಕ್ಕಳಲ್ಲಿ ಅದು ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಮೇರಿ ಎಲನ್ ಏವರಿ ಅನ್ನುವ ಡಾಕ್ಟರ್ ಇದನ್ನು ಕಂಡುಕೊಂಡು ಬರೆದದ್ದು 1959ರಲ್ಲಿ. ಔಷಧವಾಗಿ ಮಕ್ಕಳಿಗೆ ಕೊಟ್ಟು ಫಲ ಕಂಡದ್ದು 1980ರಲ್ಲಿ, ಜಪಾನಿನ ಫುಜಿವಾರಾ. ನಡುವಿನ ಆ ಇಪ್ಪತ್ತು ವರ್ಷದಲ್ಲಿ, 1963ರಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಐದೂವರೆ ವಾರ ಮುಂಚೆ ಹುಟ್ಟಿ ಎರಡು ದಿನದೊಳಗೆ ಇದೇ ತೊಂದರೆಯಿಂದ ತೀರಿಕೊಂಡಿತು. ಆ ಮಗುವಿನ ತೂಕ ಎರಡು ಕಿಲೋ ದಾಟಿತ್ತು! ನಮ್ಮವಳು ಅದರ ಅರ್ಧ ಚಿಲ್ಲರೆ. ಹಂದಿ ಅಥವಾ ದನದ ಶ್ವಾಸಕೋಶದಿಂದ ತೆಗೆದ ಬೆಳ್ಳಗಿನ ದ್ರವ, ಬಾಟಲಿಯಲ್ಲಿ ಕೆಲವೇ ಎಂಎಲ್ ಇರುತ್ತದೆ. ತೆಳ್ಳಗಿನ ಟ್ಯೂಬಿನಲ್ಲಿ ಶ್ವಾಸನಾಳದೊಳಗೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಆಕ್ಸಿಜನ್ ಕಡಿಮೆ ಮಾಡುತ್ತಾ ಬಂದರು.

ನಾನು ಹತ್ತಿರದಿಂದ ನೋಡಿದ್ದು ಅದಾದ ಮೇಲೆ. ಉಂಗುರ, ವಾಚು ಎಲ್ಲಾ ಬಿಚ್ಚಿಸಿ, ಮೊಣಕೈವರೆಗೆ ಕೈ ತೊಳೆಸಿ ಒಳಗೆ ಬಿಟ್ಟರು. ಕೈ ತೊಳೆಯುವ ವಿಷಯದಲ್ಲಿ ಅಲ್ಲಿನ ಸಿಸ್ಟರುಗಳು ಯಾರ ಮುಲಾಜೂ ನೋಡುವುದಿಲ್ಲ, ದೊಡ್ಡ ಡಾಕ್ಟರನ್ನೂ ವಾಪಸ್ ಕಳಿಸುತ್ತಾರೆ. ಹಾಗೇ ಇರಬೇಕು. ಒಳಗೆ ಬೆಳಕು ಮಂದ, ಮಾತು ಮೆಲ್ಲಗೆ. ಇನ್‌ಕ್ಯುಬೇಟರ್ ಮೇಲೆ ದಪ್ಪ ಬಟ್ಟೆ ಹೊದೆಸಿದ್ದರು. ಬೆರಳು ಮುಟ್ಟಬಹುದಾ ಅಂತ ಕೇಳಿದೆ. ಮುಟ್ಟಿ ಸರ್, ಆದರೆ ಸವರಬೇಡಿ ಅಂದರು ಸಿಸ್ಟರ್. ಒಂದು ಅಂಗೈ ತಲೆ ಮೇಲೆ, ಇನ್ನೊಂದು ಪಾದದ ಮೇಲೆ, ಅಲುಗಾಡಿಸದೆ ಸುಮ್ನೆ ಇಟ್ಟುಕೊಂಡಿರಬೇಕು. ಬೆರಳಿನಲ್ಲಿ ಸವರಿದರೆ ಇಷ್ಟು ಚಿಕ್ಕ ಮಗುವಿಗೆ ಹಿತವಾಗುವುದಿಲ್ಲ, ಕಿರಿಕಿರಿ. ಪ್ರೀತಿಯನ್ನೂ ಅಳೆದು ಕೊಡಬೇಕು ಅಂತ ಆಗಲೇ ಗೊತ್ತಾಗಿದ್ದು. ಆಮೇಲಾಮೇಲೆ ನೋಡಿದರೆ ಈ ವಾರ್ಡಿನ ಕೆಲಸವೆಲ್ಲಾ ಅದೇ: ಕಡಿಮೆಯಾದರೂ ಅಪಾಯ, ಜಾಸ್ತಿಯಾದರೂ ಅಪಾಯ.

ಆಕ್ಸಿಜನ್ ಕಥೆಯನ್ನೇ ತೆಗೆದುಕೊಳ್ಳಿ. ಮಾನಿಟರಿನಲ್ಲಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 92, 93 ಅಂತ ತೋರಿಸುತ್ತಿತ್ತು. ದೊಡ್ಡವರಿಗೆ 98 ಇದ್ದರೆ ಸರಿ ಅಂತ ಗೊತ್ತಿದ್ದ ನನಗೆ ಗಾಬರಿ. ಸ್ವಲ್ಪ ಜಾಸ್ತಿ ಕೊಡಿ ಅಂದರೆ ಡಾಕ್ಟರ್ ಒಪ್ಪಲಿಲ್ಲ. ಬೇಗ ಹುಟ್ಟಿ ಆಕ್ಸಿಜನ್ ಪಡೆಯುತ್ತಿರುವ ಮಕ್ಕಳಿಗೆ 90ರಿಂದ 95ರ ನಡುವೆ ಇಡುತ್ತಾರೆ. ಕಾರಣ ಕಣ್ಣು. ಕಣ್ಣಿನ ಒಳಗಿನ ಪರದೆಯ, ಅಂದರೆ ರೆಟಿನಾದ, ರಕ್ತನಾಳಗಳು ಬಸಿರು ತುಂಬುವ ಹೊತ್ತಿಗೆ ಪೂರ್ತಿ ಬೆಳೆಯುವಂಥವು, ಅರ್ಧಕ್ಕೇ ಹೊರಗೆ ಬಂದ ಮಗುವಿಗೆ ಆಕ್ಸಿಜನ್ ಜಾಸ್ತಿಯಾದರೆ ಆ ನಾಳಗಳ ಬೆಳವಣಿಗೆ ಮೊದಲು ನಿಂತು, ಆಮೇಲೆ ಅಡ್ಡಾದಿಡ್ಡಿ ಶುರುವಾಗುತ್ತದೆ. 1940, 50ರ ದಶಕಗಳಲ್ಲಿ ಒಳ್ಳೆಯದಾಗಲಿ ಅಂತಲೇ ಧಾರಾಳವಾಗಿ ಆಕ್ಸಿಜನ್ ಕೊಟ್ಟು ಸಾವಿರಾರು ಮಕ್ಕಳ ಕಣ್ಣು ಹೋಯಿತು. ಹೆದರಿ ತೀರಾ ಕಡಿಮೆ ಮಾಡಿದಾಗ ಜೀವಗಳೇ ಹೋದವು. ಈಗಿನ ಈ ಐದು ಅಂಕಿಯ ಅಂತರ ಅಷ್ಟು ಬೆಲೆ ತೆತ್ತು ಸಿಕ್ಕಿದ್ದು. ಇದು ತಿಳಿದ ಮೇಲೆ 92 ನೋಡಿ ಹೊಟ್ಟೆ ಕಿವುಚುವುದು ನಿಂತಿತು.

ಅಲಾರಂ ಮಾತ್ರ ನಿಲ್ಲಲಿಲ್ಲ. ಮಗು ಉಸಿರಾಡುತ್ತಾ ಉಸಿರಾಡುತ್ತಾ ಮರೆತುಬಿಡುತ್ತದೆ. ನಿಜಕ್ಕೂ ಮರೆಯುವುದೇ, ಮೆದುಳಿನ ಆ ಭಾಗ ಇನ್ನೂ ಬಲಿತಿರುವುದಿಲ್ಲ. 20 ಸೆಕೆಂಡ್ ಉಸಿರು ನಿಂತರೆ, ಅಥವಾ ಅಷ್ಟರೊಳಗೇ ಎದೆ ಬಡಿತ ಇಳಿದರೆ, ಅದನ್ನು ಆಪ್ನಿಯಾ ಅಂತಾರೆ. ಸಿಸ್ಟರ್ ಬಂದು ಅಂಗಾಲು ಒಮ್ಮೆ ತಟ್ಟಿದರೆ ನೆನಪಾದ ಹಾಗೆ ಮತ್ತೆ ಶುರು. ಇದಕ್ಕೆ ದಿನಾ ಕೊಡುವ ಔಷಧ ಕೆಫೀನ್. ಹೌದು, ಕಾಫಿಯಲ್ಲಿರುವ ಅದೇ. ಮಗಳು ನನಗಿಂತ ಮೊದಲು ಬೆಳಗಿನ ಕೆಫೀನ್ ತಗೊಳ್ಳುತ್ತಾಳೆ ಅಂತ ಹೆಂಡತಿಗೆ ಹೇಳಿದಾಗ, ಆಪರೇಷನ್ ಆದ ಮೇಲೆ ಅವಳು ಮೊದಲ ಸಲ ನಕ್ಕಿದ್ದು, ನಕ್ಕರೆ ಹೊಲಿಗೆ ನೋಯುತ್ತದೆ ಅಂತ ಬೈದಿದ್ದೂ ಆಯಿತು.

ಅಲಾರಂ ಆದಾಗ ಏನು ಮಾಡಬೇಕು ಅಂತ ಒಬ್ಬ ಹಿರಿಯ ಸಿಸ್ಟರ್ ಹೇಳಿಕೊಟ್ಟರು. ಮೊದಲು ಬಣ್ಣ ನೋಡಿ, ಆಮೇಲೆ ಎದೆ ಏರಿಳಿಯುತ್ತಿದೆಯಾ ನೋಡಿ, ಆಮೇಲೆ ಕಾಲಿಗೆ ಸುತ್ತಿದ ಪ್ರೋಬ್ ಸರಿದಿದೆಯಾ ನೋಡಿ, ಮಾನಿಟರ್ ನೋಡುವುದು ಎಲ್ಲಕ್ಕಿಂತ ಕೊನೆಗೆ. ಮಗು ಕಾಲು ಝಾಡಿಸಿದರೂ ಅದು ಕೂಗುತ್ತದೆ. ಇಷ್ಟು ಹೇಳಿಕೊಟ್ಟರೆ ಎಷ್ಟೋ ಅಪ್ಪ ಅಮ್ಮಂದಿರ ಅರ್ಧ ಭಯ ಹೋಗುತ್ತದೆ. ಯಾಕೆ ಮೊದಲ ದಿನವೇ ಎಲ್ಲರಿಗೂ ಹೇಳುವುದಿಲ್ಲವೋ ಗೊತ್ತಿಲ್ಲ.

ಇನ್ನು ಹಾಲು. ಇದರ ಬಗ್ಗೆ ಪುಟಗಟ್ಟಲೆ ಬರೆಯಬಹುದು.

ಎರಡು ಗಂಟೆಗೊಮ್ಮೆ ಒಂದು ಎಂಎಲ್. ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬಿನಲ್ಲಿ. ನಮ್ಮ ಅತ್ತೆ ಕೇಳಿ ದಂಗಾದರು, "ಒಂದು ಎಂಎಲ್ಲಿಗೆ ಹೊಟ್ಟೆ ತುಂಬುತ್ತೇನಪ್ಪಾ, ಇವರು ಮಗೂನ ಉಪವಾಸ ಕೆಡವಿದ್ದಾರಾ?" ಅಂತ. ಉಪವಾಸ ಅಲ್ಲ. ಊಟವೆಲ್ಲಾ ರಕ್ತನಾಳದಲ್ಲಿ ಹೋಗುತ್ತಿತ್ತು: ಗ್ಲೂಕೋಸ್, ಪ್ರೋಟೀನ್, ಕೊಬ್ಬು, ಹೊಕ್ಕುಳಬಳ್ಳಿಯ ನಾಳದಲ್ಲೇ ಹಾಕಿದ ಲೈನಿನಿಂದ. ಆ ಒಂದು ಎಂಎಲ್ ಹೊಟ್ಟೆ ತುಂಬಿಸುವುದಕ್ಕಲ್ಲ, ಕರುಳನ್ನು ಎಬ್ಬಿಸುವುದಕ್ಕೆ. ಒಮ್ಮೆಲೇ ಜಾಸ್ತಿ ಕೊಟ್ಟರೆ ತಾಳಿಕೊಳ್ಳುವ ಶಕ್ತಿ ಆ ಕರುಳಿಗಿಲ್ಲ. ಎನ್‌ಇಸಿ ಅಂತ ಒಂದು ಭಯಂಕರ ಕಾಯಿಲೆ ಇದೆ, ಕರುಳಿನ ಗೋಡೆಯೇ ಉರಿದು ಕೊಳೆಯುತ್ತದೆ, ಕೆಲವು ಸಲ ಆಪರೇಷನ್ ಬೇಕಾಗುತ್ತದೆ. ಅದನ್ನು ಕಡಿಮೆ ಮಾಡುವ ದೊಡ್ಡ ಉಪಾಯ ಅಂದರೆ ಅಮ್ಮನ ಹಾಲು. ಅದು ಸಾಲದಿದ್ದರೆ ಹಾಲಿನ ಬ್ಯಾಂಕಿನಿಂದ ಬೇರೆ ತಾಯಂದಿರು ಕೊಟ್ಟ, ಪಾಶ್ಚರೈಸ್ ಮಾಡಿದ ಹಾಲು.

ಹೀಗಾಗಿ ಇಡೀ ಎನ್‌ಐಸಿಯುನಲ್ಲಿ ಯಾವ ಡಾಕ್ಟರೂ ಬರೆದುಕೊಡಲಾಗದ ಔಷಧ ತಯಾರಾಗುವುದು ನನ್ನ ಹೆಂಡತಿಯ ಹತ್ತಿರ ಮಾತ್ರ. ಹೊಟ್ಟೆಯಲ್ಲಿ ಹೊಲಿಗೆ, ಬಿಪಿ ಇನ್ನೂ ಇಳಿದಿಲ್ಲ, ಮಗು ಪಕ್ಕದಲ್ಲಿಲ್ಲ. ಆದರೂ ಹೆರಿಗೆಯಾದ ಕೆಲವು ಗಂಟೆಯಲ್ಲೇ ಕೈಯಿಂದ ಹಿಂಡಲು ಶುರು ಮಾಡಿಸಿದರು. ಮೊದಲ ಸಲ ಬಂದದ್ದು ಸಿರಿಂಜಿನ ತಳಕ್ಕೆ ಅಂಟುವಷ್ಟು ಹಳದಿ ಹಾಲು. ಇಷ್ಟೇನಾ ಅಂತ ಅವಳು ಅತ್ತಳು. ಸಿಸ್ಟರ್ ಆ ಹನಿಯನ್ನು ಹತ್ತಿಗೆ ಅದ್ದಿ ಮಗುವಿನ ಕೆನ್ನೆಯ ಒಳಭಾಗಕ್ಕೆ ಸವರಿದರು. ಆಮೇಲೆ ಹಗಲೂ ರಾತ್ರಿ ಮೂರು ಗಂಟೆಗೊಮ್ಮೆ ಪಂಪ್. ರಾತ್ರಿಯದ್ದನ್ನು ಬಿಟ್ಟರೆ ಹಾಲು ಇಳಿಯುತ್ತದೆ ಅಂತ ಬಿಡುವ ಹಾಗೇ ಇಲ್ಲ. ಪಂಪ್ ತೊಳೆಯುವುದು, ಬಿಸಿನೀರಿನಲ್ಲಿ ಕುದಿಸುವುದು, ಬಾಟಲಿಗೆ ಹೆಸರು, ತಾರೀಖು, ಗಂಟೆ ಬರೆದು ಅಂಟಿಸುವುದು ನನ್ನ ಪಾಲಿಗೆ ಬಂತು. ಅಪ್ಪಂದಿರಿಗೆ ಅಲ್ಲಿ ಏನೂ ಕೆಲಸವಿಲ್ಲ ಅಂತ ಯಾರಾದರೂ ಅಂದರೆ ಈ ಕೆಲಸ ಕೇಳಿ ಪಡೆದುಕೊಳ್ಳಿ.

ಒಂದು ಎಂಎಲ್ ಎರಡಾಯಿತು, ಮೂರಾಯಿತು. ಒಂದು ಬೆಳಿಗ್ಗೆ ಹೋದರೆ ಹಾಲು ನಿಲ್ಲಿಸಿದ್ದಾರೆ. ಹೊಟ್ಟೆ ಉಬ್ಬಿದೆ, ಆಪ್ನಿಯಾ ಜಾಸ್ತಿಯಾಗಿದೆ, ಬಣ್ಣ ಸರಿಯಿಲ್ಲ. ರಕ್ತವನ್ನು ಕಲ್ಚರಿಗೆ, ಅಂದರೆ ಅದರಲ್ಲಿ ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆಗೆ ಕಳಿಸಿ, ವರದಿ ಬರುವುದಕ್ಕೂ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡಿದ್ದರು. ಇಂಥ ಮಕ್ಕಳಲ್ಲಿ ಸೋಂಕು ಗಂಟೆಗಳಲ್ಲಿ ಏರುತ್ತದೆ, ಕಾಯುವ ಹಾಗಿಲ್ಲ. ಹೊಟ್ಟೆಯ ಎಕ್ಸ್‌ರೇ ತೆಗೆದರು, ಮತ್ತೆ ತೆಗೆದರು. ಆ ಹೊತ್ತಿನ ಬಗ್ಗೆ ಜಾಸ್ತಿ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ. ಎನ್‌ಇಸಿ ಆಗಿರಲಿಲ್ಲ, ಕಲ್ಚರಿನಲ್ಲೂ ಏನೂ ಬೆಳೆಯಲಿಲ್ಲ, ಮತ್ತೆ ಒಂದು ಎಂಎಲ್‌ನಿಂದ ಆರಂಭ. ತೂಕದ ಚಾರ್ಟಿನಲ್ಲಿ ಆ ಜಾಗದಲ್ಲಿ ಗೆರೆ ಕೆಳಗೆ ಬಾಗಿದೆ.

ತೂಕದ ಬಗ್ಗೆ ಒಂದು ಮಾತು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಇಳಿದೇ ಇಳಿಯುತ್ತದೆ, ಹತ್ತು ಶೇಕಡಾವರೆಗೆ ಇಳಿದರೂ ಹೆದರಬೇಕಿಲ್ಲ. ಹುಟ್ಟುತೂಕಕ್ಕೆ ವಾಪಸ್ ಬರಲು ಎರಡು ವಾರ ಹಿಡಿಯಬಹುದು. ನಮ್ಮವಳು ಒಂದು ಹಂತದಲ್ಲಿ 1,030 ಗ್ರಾಮಿಗೆ ಬಂದಿದ್ದಳು.

ಕಾಮಾಲೆ ಬಂತು, ನೀಲಿ ಲೈಟಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು, ಹೋಯಿತು. ನೋಡಲು ಗಾಬರಿಯಾದರೂ ಇಲ್ಲಿ ಎಲ್ಲಕ್ಕಿಂತ ಸುಲಭವಾಗಿ ಮುಗಿದದ್ದು ಇದೇ. ನೆತ್ತಿಯ ಮೆತ್ತನೆ ಜಾಗದ ಮೇಲೆ ಪ್ರೋಬ್ ಇಟ್ಟು ಮೆದುಳಿನ ಸ್ಕ್ಯಾನ್ ಮಾಡಿದರು, ಒಳಗೆ ರಕ್ತಸ್ರಾವ ಆಗಿದೆಯಾ ನೋಡುವುದಕ್ಕೆ. ಆಗಿರಲಿಲ್ಲ. ಪಕ್ಕದ ಬೆಡ್ಡಿನಲ್ಲಿ ದಿನ ತುಂಬಿ ಹುಟ್ಟಿದ ಗುಂಡಗಿನ ಗಂಡುಮಗು ಇತ್ತು, ಹುಟ್ಟುವಾಗ ಆಕ್ಸಿಜನ್ ಸಿಗದೆ ಒದ್ದಾಡಿದ್ದು. ಅದನ್ನು ಬೇಕಂತಲೇ ತಣ್ಣಗಿಟ್ಟಿದ್ದರು! ಹುಟ್ಟಿ ಆರು ಗಂಟೆಯೊಳಗೆ ಶುರು ಮಾಡಿ, 72 ಗಂಟೆ ಮೈಯ ಶಾಖವನ್ನು 33, 34 ಡಿಗ್ರಿಗೆ ಇಳಿಸಿಟ್ಟರೆ ಮೆದುಳಿಗಾಗುವ ಹಾನಿ ಕಡಿಮೆಯಾಗುತ್ತದಂತೆ. ಒಂದೇ ಕೋಣೆಯಲ್ಲಿ ನನ್ನ ಮಗಳನ್ನು ಬೆಚ್ಚಗಿಡಲು ಒದ್ದಾಟ, ಎರಡು ಮಾರು ದೂರದಲ್ಲಿ ಇನ್ನೊಂದು ಮಗುವನ್ನು ತಣ್ಣಗಿಡಲು ಒದ್ದಾಟ. ಆ ಮಗುವಿನ ಅಪ್ಪನೂ ನಾನೂ ಕಾರಿಡಾರಿನಲ್ಲಿ ಒಟ್ಟಿಗೆ ಕೂರುತ್ತಿದ್ದೆವು. ಜಾಸ್ತಿ ಮಾತಿಲ್ಲ.

ಮಗಳನ್ನು ಎದೆ ಮೇಲೆ ಹಾಕಿಕೊಂಡದ್ದು ಅವಳಿಗಿನ್ನೂ ಸಿಪ್ಯಾಪ್ ಇರುವಾಗಲೇ. ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರ್ ಎಡ್ಗರ್ ರೇ ಶುರು ಮಾಡಿದ್ದು. ಬಟ್ಟೆ ಇಲ್ಲದ ಮಗುವನ್ನು, ಡಯಾಪರ್ ಟೋಪಿ ಅಷ್ಟೇ ಹಾಕಿ, ತಾಯಿಯ ಬರಿ ಎದೆಗೆ ಕಟ್ಟುವುದು. ಬಹಳ ಕಾಲ ಇದನ್ನು ಯಂತ್ರ ಇಲ್ಲದ ಕಡೆಯ ಉಪಾಯ ಅಂತಲೇ ಎಣಿಸಿದ್ದರು. ಈಗ ಹಾಗಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ಮಾಡಿದ, 2021ರಲ್ಲಿ ಹೊರಬಂದ ಅಧ್ಯಯನದಲ್ಲಿ, ಮಗು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಸಾವು ಸುಮಾರು ಕಾಲು ಭಾಗದಷ್ಟು ಕಡಿಮೆಯಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ಹೇಳಿತು. ನಾವಿದ್ದ ಕಡೆ ಮೊದಲು ಒಂದು ಗಂಟೆ ಮಾತ್ರ ಬಿಡುತ್ತಿದ್ದರು, ಭೇಟಿ ಸಮಯ ಮುಗಿಯಿತು ಏಳಿ ಅನ್ನುತ್ತಿದ್ದರು. ನನಗೆ ಇದು ಸುತರಾಂ ಹಿಡಿಸಲಿಲ್ಲ. ಅಪ್ಪ ಅಮ್ಮ ಭೇಟಿಗೆ ಬಂದ ನೆಂಟರಲ್ಲ. ಮೆಲ್ಲಗೆ, ಆದರೆ ದಿನಾ ರೌಂಡ್ಸ್‌ನಲ್ಲಿ ಕೇಳುತ್ತಾ ಹೋದೆವು, ಸಮಯ ಬೆಳೆಯುತ್ತಾ ಹೋಯಿತು. ಹೆಂಡತಿ ಊಟಕ್ಕೆ ಎದ್ದಾಗ ನಾನು ಅಂಗಿ ಬಿಚ್ಚಿ ಕೂರುತ್ತಿದ್ದೆ. ಎದೆ ಮೇಲೆ ಬಂದ ಸ್ವಲ್ಪ ಹೊತ್ತಿಗೆ ಅವಳ ಸ್ಯಾಚುರೇಷನ್ ಏರಿಳಿಯದೆ ನಿಲ್ಲುತ್ತಿತ್ತು, ಅಲಾರಂ ಕಡಿಮೆ. ಇಷ್ಟು ಕಣ್ಣಾರೆ ಕಂಡ ಮೇಲೆ ಅಧ್ಯಯನವನ್ನು ಓದಬೇಕಾಗಿಯೇ ಇರಲಿಲ್ಲ.

ಅಪಾಯದ ದಿನ ಕಳೆದ ಮೇಲೆ ಏನೂ ಆಗದ ದಿನ ಬರುತ್ತದೆ. ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಹಾಲು, ತೂಕ, ಹಾಲು, ತೂಕ. ಹೊರಗಿನವರು ಫೋನ್ ಮಾಡಿ ಆರಾಮಾಗಿದ್ದಾಳಲ್ಲ, ಇನ್ನೂ ಯಾಕೆ ಬಿಟ್ಟಿಲ್ಲ ಅಂತ ಕೇಳುತ್ತಾರೆ. ಬಿಡದಿರುವುದಕ್ಕೆ ಕಾರಣವಿದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದಕ್ಕೊಂದು ಹೊಂದಿಸಿಕೊಂಡು ಮಾಡುವುದು ಸುಮಾರು 34 ವಾರದ ಹೊತ್ತಿಗೆ ಬರುವ ವಿದ್ಯೆ. ಅವಸರ ಮಾಡಿ ಕಲಿಸಲಾಗುವುದಿಲ್ಲ. ಮೊದಮೊದಲು ಮೊಲೆಗೆ ಬಾಯಿ ಹಾಕಿ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತಿದ್ದಳು, ಉಳಿದದ್ದು ಟ್ಯೂಬಿನಲ್ಲಿ. ಆ ನಾಲ್ಕು ಚೀಪಿಗೇ ಹೆಂಡತಿಯ ಮುಖ ನೋಡಬೇಕಿತ್ತು. ಈ ನಡುವೆ ಸಿಪ್ಯಾಪ್ ಹೋಯಿತು, ಕೆಫೀನ್ ನಿಲ್ಲಿಸಿದರು, ಇನ್‌ಕ್ಯುಬೇಟರಿನ ಶಾಖವನ್ನು ದಿನಾ ಸ್ವಲ್ಪ ಸ್ವಲ್ಪ ಇಳಿಸಿ ಕೊನೆಗೆ ತೆರೆದ ತೊಟ್ಟಿಲಿಗೆ ತಂದರು. ಸುಮಾರು ನಾಲ್ಕು ವಾರಕ್ಕೆ ಕಣ್ಣಿನ ಡಾಕ್ಟರ್ ಬಂದು ರೆಟಿನಾ ನೋಡಿದರು. ಸಣ್ಣ ಹಂತದ ತೊಂದರೆ ಇತ್ತು, ಲೇಸರ್ ಬೇಕಾಗಲಿಲ್ಲ, ಆದರೆ ನಾಳಗಳು ಪೂರ್ತಿ ಬೆಳೆಯುವವರೆಗೆ ಮತ್ತೆ ಮತ್ತೆ ಕರೆಸಿದರು. ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಚಿಕಿತ್ಸೆಗೆ ಇರುವ ಸಮಯ ಕೆಲವೇ ದಿನ.

ಮನೆಗೆ ಕಳಿಸುವುದು ಇಂತಿಷ್ಟು ತೂಕ ಆಯಿತು ಅಂತ ಮಾತ್ರ ಅಲ್ಲ. ತೆರೆದ ತೊಟ್ಟಿಲಲ್ಲಿ ಮೈ ಬೆಚ್ಚಗಿರಬೇಕು, ಹಾಲೆಲ್ಲಾ ಬಾಯಿಂದ ಕುಡಿಯಬೇಕು, ತೂಕ ಏರುತ್ತಿರಬೇಕು, ಕೆಲವು ದಿನ ಒಂದೂ ಆಪ್ನಿಯಾ ಇರಬಾರದು. ಕಿವಿಯ ಪರೀಕ್ಷೆಯೂ ಮುಗಿದಿರಬೇಕು. ಕೊನೆಯ ಎರಡು ರಾತ್ರಿ ಹೆಂಡತಿಯನ್ನು ಮಗುವಿನ ಜೊತೆ ಒಂದು ಕೋಣೆಯಲ್ಲಿ ಮಲಗಿಸಿದರು, ಮಾನಿಟರ್ ಇಲ್ಲದೆ. ಆ ಸದ್ದು ಇಲ್ಲದೆ ನಮಗೆ ನಿದ್ದೆ ಬರಲಿಲ್ಲ ಅನ್ನುವುದು ಬೇರೆ ಮಾತು.

ಈಗ ಅವಳ ವಯಸ್ಸಿಗೆ ಎರಡು ಥರದ ಲೆಕ್ಕ. ಲಸಿಕೆಗೆ ಹುಟ್ಟಿದ ದಿನದಿಂದ ಎಣಿಸಬೇಕು. ಮಗುಚುವುದು, ಕೂರುವುದು, ಮಾತು, ತೂಕ ಎಲ್ಲಕ್ಕೂ ಹುಟ್ಟಬೇಕಿದ್ದ ದಿನದಿಂದ, ಎರಡು ವರ್ಷದವರೆಗೆ. ಅವಳಿಗಿಂತ ಚಿಕ್ಕ ಮಗು ಆಗಲೇ ಕೂತಿದೆಯಲ್ಲ ಅಂತ ಯಾರಾದರೂ ಅಂದರೆ ಹನ್ನೊಂದು ವಾರ ಕಳೆದು ಲೆಕ್ಕ ಹಾಕಿ ಅಂತೇನೆ. ವಿಟಮಿನ್ ಡಿ, ಐರನ್ ಡ್ರಾಪ್ಸ್ ನಡೆಯುತ್ತಿವೆ. ಡಿಸ್ಚಾರ್ಜ್ ಸಮ್ಮರಿಯ ನಾಲ್ಕೈದು ಜೆರಾಕ್ಸ್ ಮಾಡಿಸಿ, ಒಂದನ್ನು ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ. ಎಲ್ಲಿ ಹೋದರೂ, ಜ್ವರಕ್ಕೆ ಹೋದರೂ, ಡಾಕ್ಟರ್ ಮೊದಲು ಕೇಳುವುದು ಅದನ್ನೇ.